ಕೇಳದೆ ಬಿಟ್ಟ ಪ್ರಶ್ನೆ

ನಾನು ಕಾನೂನು ಓದಿ ಮುಗಿಸುವ ಹೊತ್ತಿಗೆ ವಕೀಲರಾಗಲು ಪದವಿಯೊಂದೇ ಸಾಕಾಗಿತ್ತು. ನಮಗಿಂತ ಮುಂಚಿನವರು ಪದವಿ ಬಂದ ಮೇಲೂ ಹಿರಿಯರೊಬ್ಬರ ಕೈಕೆಳಗೆ ದುಡಿದು, ಇನ್ನೊಂದು ಪರೀಕ್ಷೆಗೆ ಕೂತು, ಆಮೇಲೆ ಕರಿಕೋಟು ಹಾಕಿಕೊಳ್ಳಬೇಕಿತ್ತು. ಆ ನಿಯಮ ಹೋಗಿದ್ದು ನಾನು ಜೂನಿಯರ್ ಆಗಿ ಸೇರಿದ್ದ ಹಿರಿಯ ವಕೀಲರಿಗೆ ಒಪ್ಪಿಗೆಯಾಗಿರಲಿಲ್ಲ. ಬರೀ ಪುಸ್ತಕ ಓದಿದವನ ಕೈಗೆ ಮನುಷ್ಯರನ್ನು ಕೊಡಬಾರದು ಎನ್ನುತ್ತಿದ್ದರು. ಸರ್ಕಾರ ಬಿಟ್ಟುಬಿಟ್ಟ ಪರೀಕ್ಷೆಯನ್ನು ಅವರು ಸಾಗರದ ತಮ್ಮ ಆಫೀಸಿನಲ್ಲಿ ತಾವೇ ಮಾಡುತ್ತಿದ್ದರು.

ಪರೀಕ್ಷೆ ಎಂದರೆ ಒಂದು ಕೇಸು. ಕಕ್ಷಿಗಾರನ ಜೊತೆ ಮೊದಲ ಮಾತಿನಿಂದ ಹಿಡಿದು ಕೊನೆಯ ವಾದದವರೆಗೆ ಜೂನಿಯರ್ ಒಬ್ಬನೇ ನಡೆಸಬೇಕು. ಅವರು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿರುತ್ತಾರೆ, ತುಟಿ ಬಿಚ್ಚುವುದಿಲ್ಲ. ಪಾಸಾದರೆ ಅಲ್ಲಿಂದ ಮುಂದೆ ಸ್ವಂತ ಹೆಸರಿನಲ್ಲಿ ವಕಾಲತ್ತು ಹಾಕಬಹುದು. ಇಲ್ಲದಿದ್ದರೆ ವಾಯಿದೆ ಕೇಳುವುದು, ನಕಲು ತೆಗೆಸುವುದು, ಅಷ್ಟೇ. ನನಗಿಂತ ಮೊದಲಿದ್ದ ಜೂನಿಯರ್ ಸಾಕ್ಷಿಯೊಬ್ಬನ ಮೇಲೆ ಕೂಗಾಡಿ, ಸಾಕ್ಷಿ ಮೂರ್ಛೆ ಬಿದ್ದು, ಆ ವಾರವೇ ಶಿವಮೊಗ್ಗಕ್ಕೆ ಹೊರಟುಹೋಗಿದ್ದ. ಅವನ ಕುರ್ಚಿಯಲ್ಲಿ ನಾನು ಕೂತಿದ್ದೆ.

ನಾನು ಹೊಸನಗರ ತಾಲೂಕಿನ ಒಂದು ಗೇಣಿದಾರರ ಮನೆಯ ಹುಡುಗಿ. ಭೂನ್ಯಾಯ ಮಂಡಳಿಯಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಅಪ್ಪ ತಾನೇ ಎದ್ದು ನಿಂತು ತಾನು ಉತ್ತ ಗದ್ದೆಯ ಬಗ್ಗೆ ಹೇಳಬೇಕಾಗಿ ಬಂದಾಗ ಮಾತೇ ಹೊರಡಲಿಲ್ಲವಂತೆ. ಹೇಗೋ ಗದ್ದೆ ನಮ್ಮದಾಯಿತು. ಆದರೆ ಆ ದಿನದ ನಾಚಿಕೆ ಅವರನ್ನು ಬಿಡಲಿಲ್ಲ. ಮಕ್ಕಳಲ್ಲಿ ಒಬ್ಬರಾದರೂ ನಾಲ್ಕು ಜನರ ಎದುರು ನಿಂತು ಮಾತಾಡುವುದನ್ನು ಕಲಿಯಬೇಕು ಅಂತ ಹಟ ಹಿಡಿದರು. ಅಣ್ಣಂದಿರಿಬ್ಬರಿಗೂ ಓದು ಹತ್ತಲಿಲ್ಲ, ನನಗೆ ಹತ್ತಿತು. ಸಾಗರದ ಕೋರ್ಟಿನಲ್ಲಿ ಆಗ ನಾನೊಬ್ಬಳೇ ಹೆಣ್ಣು. ನಾನು ಒಳಗೆ ಹೋದರೆ ವಕೀಲರ ಕೋಣೆಯಲ್ಲಿ ಮಾತು ನಿಂತುಹೋಗುತ್ತಿತ್ತು.

ನನ್ನ ಪಾಲಿಗೆ ಬಂದದ್ದು ಒಂದು ಅಪಘಾತದ ಕೇಸು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಬರುತ್ತಿದ್ದ ಖಾಸಗಿ ಬಸ್ಸಿಗೆ, ಬೆಳಗಿನ ಹೊತ್ತು, ರಸ್ತೆ ದಾಟುತ್ತಿದ್ದವನೊಬ್ಬ ಸಿಕ್ಕಿ ಸತ್ತಿದ್ದ. ಜಂಬಿಟ್ಟಿಗೆ ಕಲ್ಲು ಕಡಿಯುವ ಕ್ವಾರಿಗೆ ಕೆಲಸಕ್ಕೆ ಹೊರಟಿದ್ದ, ಇನ್ನೂ ಸಣ್ಣ ವಯಸ್ಸಿನ ಆಳು. ಅತಿವೇಗ, ಅಜಾಗರೂಕತೆ ಅಂತ ಪೊಲೀಸರು ಡ್ರೈವರ್ ಮೇಲೆ ಕೇಸು ಹಾಕಿದ್ದರು. ಶಿಕ್ಷೆಯಾದರೆ ಜೈಲು, ಲೈಸೆನ್ಸೂ ಹೋಗುತ್ತಿತ್ತು.

ಡ್ರೈವರ್ ಆಫೀಸಿಗೆ ಬಂದ ದಿನ ಹಿರಿಯರು ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತರು. ಒಂದು ಪುಟವನ್ನೂ ತಿರುಗಿಸಿದ ಸದ್ದು ಕೇಳಲಿಲ್ಲ. ಡ್ರೈವರ್ ತೀರ್ಥಹಳ್ಳಿಯವನು, ನಡುವಯಸ್ಸು, ಕಿವಿಯ ಹತ್ತಿರ ನರೆ. ಹೆಣ್ಣು ವಕೀಲರು ಅಂತ ಮುಖ ಸಣ್ಣ ಮಾಡಲಿಲ್ಲ. ಅವನಿಗೆ ಅದನ್ನು ಯೋಚಿಸುವಷ್ಟು ಚೈತನ್ಯವೂ ಇರಲಿಲ್ಲ. ನಾನು ಬರೆದುಕೊಂಡಿದ್ದ ಪ್ರಶ್ನೆಗಳಿಗೆಲ್ಲ ಹೌದು, ಇಲ್ಲ ಎಂದಷ್ಟೇ ಹೇಳಿದ. ಕೊನೆಗೆ ನಾನು ಪೆನ್ನು ಕೆಳಗಿಟ್ಟು, ಅವತ್ತು ಏನು ನೋಡಿದಿರೋ ಅದನ್ನೇ ಹೇಳಿ ಎಂದೆ. ಆಗ ಮಾತು ಬಂತು.

ತಿರುವು ದಾಟುತ್ತಲೇ ಆ ಮನುಷ್ಯ ಕಣ್ಣಿಗೆ ಬಿದ್ದನಂತೆ. ಅರ್ಧಕ್ಕಿಂತ ಹೆಚ್ಚು ರಸ್ತೆ ದಾಟಿಯಾಗಿತ್ತು. ಡ್ರೈವರ್ ಹಾರ್ನ್ ಹೊಡೆದು, ವೇಗ ಇಳಿಸಿ, ಅವನ ಬೆನ್ನ ಹಿಂದಿನಿಂದ ಸಾಗಿಹೋಗುವಷ್ಟು ಜಾಗ ನೋಡಿಕೊಂಡು ಬಸ್ಸನ್ನು ಎಡಕ್ಕೆ ಎಳೆದ.

"ಅಷ್ಟೊತ್ತಿಗೆ ಅವ್ನು ಹಿಂದೆ ತಿರುಗಿ ನೋಡ್ದ ಮೇಡಂ. ನನ್ನ ಕಡೆ ಅಲ್ಲ. ಮುಖದಲ್ಲಿ ನಗು ಇತ್ತು. ವಾಪಸ್ ಬರಕ್ಕೆ ಕಾಲು ಎತ್ತಿಟ್ಟ," ಎಂದ.

ಅಷ್ಟು ಹೇಳಿ ಎದ್ದು ನಿಂತ. ನಾನೂ ಒತ್ತಾಯ ಮಾಡಲಿಲ್ಲ. ಅವನು ಹೋದ ಮೇಲೆ ಹಿರಿಯರು ಹೊರಬಂದು, ಪೆನ್ನು ಕೆಳಗಿಡಲು ಇಷ್ಟು ಹೊತ್ತು ಬೇಕಾಯಿತಾ ಎಂದು ಕೇಳಿದರು. ಜಾಗ ನೋಡದೆ ಒಂದು ಪ್ರಶ್ನೆಯನ್ನೂ ಬರೆಯಬೇಡ ಎಂದು ಹೇಳಿ ಊಟಕ್ಕೆ ಎದ್ದುಹೋದರು.

ಪೊಲೀಸರ ಕಡೆಯ ಮುಖ್ಯ ಸಾಕ್ಷಿ ಸತ್ತವನ ಹೆಂಡತಿ. ಮನೆಯ ಮುಂದೆ ನಿಂತಿದ್ದಾಗ ಬಸ್ಸು ಅತಿವೇಗದಿಂದ ಬಂದು ತನ್ನ ಗಂಡನಿಗೆ ಹೊಡೆದದ್ದನ್ನು ಕಣ್ಣಾರೆ ಕಂಡೆ ಎಂದು ಅವಳ ಹೇಳಿಕೆಯಲ್ಲಿತ್ತು. ಬೇರೆ ಸಾಕ್ಷಿಗಳೆಲ್ಲ ಆಮೇಲೆ ಓಡಿ ಬಂದವರು. ಅವಳ ಮಾತು ನಿಂತರೆ ಡ್ರೈವರ್ ಉಳಿಯುವುದಿಲ್ಲ, ಇದು ಯಾರಿಗಾದರೂ ಗೊತ್ತಾಗುವ ಹಾಗಿತ್ತು.

ಒಂದು ಶನಿವಾರ ಬೆಳಿಗ್ಗೆ ಆ ಜಾಗಕ್ಕೆ ಹೋಗಿ ಇಳಿದೆ. ರಸ್ತೆಯಿಂದ ಸ್ವಲ್ಪ ಮೇಲಕ್ಕೆ, ಕಾಲುದಾರಿಯ ತುದಿಯಲ್ಲಿ ಒಂದೇ ಮನೆ. ಮನೆಯ ಬೇಲಿಗೆ ಬಿದಿರಿನ ಗಳ ಸರಿಸಿ ದಾಟುವ ಉಣಗೋಲು. ನಾನು ಅಲ್ಲಿ ಹೋಗಿ, ಅವಳು ನಿಂತಿದ್ದೆ ಎಂದ ಕಡೆ ನಿಂತೆ. ಕೆಳಗೆ ಎದುರಿಗೆ ರಸ್ತೆಯ ಒಂದು ತುಂಡು ಸ್ವಚ್ಛವಾಗಿ ಕಾಣುತ್ತಿತ್ತು. ಆದರೆ ಹೊಸನಗರದ ಕಡೆಯ ತಿರುವು ಕಾಣುತ್ತಿರಲಿಲ್ಲ. ರಸ್ತೆ ಮಾಡುವಾಗ ಗುಡ್ಡ ಕಡಿದು ಬಿಟ್ಟ ಎತ್ತರದ ದರೆ ಅದನ್ನು ಪೂರ್ತಿ ಮುಚ್ಚಿತ್ತು. ನಾನು ನಿಂತಿದ್ದಾಗಲೇ ಒಂದು ಲಾರಿ ಬಂತು. ಸದ್ದು ಮೊದಲು, ಆಮೇಲೆ ಒಮ್ಮೆಗೇ ಲಾರಿ. ಕಂಡಿತು ಅನ್ನುವಷ್ಟರಲ್ಲಿ ಎದುರಿಗೆ ಬಂದು ದಾಟಿಹೋಗಿತ್ತು. ಇಲ್ಲಿ ನಿಂತವರು ಗಂಡನನ್ನು ನೋಡಬಹುದು, ಬಸ್ಸು ಬಂದದ್ದನ್ನು ನೋಡಲಾಗುವುದಿಲ್ಲ.

ನನಗೆ ಖುಷಿಯಾಯಿತು. ಒಂದು ಕ್ಷಣ ಅಷ್ಟೇ. ಆಮೇಲೆ ಡ್ರೈವರ್ ಹೇಳಿದ ನಗು ನೆನಪಾಯಿತು. ರಸ್ತೆಯ ಈ ಬದಿಯಲ್ಲಿ ಈ ಮನೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಆ ಮನುಷ್ಯ ಹಿಂದೆ ತಿರುಗಿ ನಕ್ಕದ್ದು ಯಾರಿಗೆ? ಉಣಗೋಲಿನಲ್ಲಿ ನಿಂತವಳಿಗೆ. ಯಾಕೆ ತಿರುಗಿದ? ಅವಳು ಕೂಗಿ ಕರೆದಿರಬೇಕು. ಬಿದಿರ ಗಳದ ಮೇಲೆ ಇಟ್ಟಿದ್ದ ನನ್ನ ಕೈಯನ್ನು ಬಿಸಿ ತಾಗಿದವಳ ಹಾಗೆ ತೆಗೆದೆ.

ಅಷ್ಟರಲ್ಲಿ ಮನೆಯಿಂದ ಒಬ್ಬ ಹೊರಗೆ ಬಂದ. ಸತ್ತವನ ತಮ್ಮ. ಯಾರು ಅಂತ ಕೇಳಿದ. ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. ಡ್ರೈವರ್ ಪರ ವಕೀಲೆ ಎಂದೆ. ಅವನು ಬೈಯಲಿಲ್ಲ. ಉಣಗೋಲಿನ ಗಳಗಳನ್ನು ಒಂದೊಂದಾಗಿ ನನ್ನ ಎದುರಿಗೇ ಎಳೆದು ದಾರಿ ಮುಚ್ಚಿ, ಅತ್ತಿಗೆ ಈಗ ನಿಟ್ಟೂರಿನ ಹತ್ತಿರ ತವರುಮನೆಯಲ್ಲಿದ್ದಾಳೆ, ಅವಳ ತಂಟೆಗೆ ಹೋದರೆ ನೆಟ್ಟಗಾಗುವುದಿಲ್ಲ ಎಂದ. ಪರಿಹಾರದ ಅರ್ಜಿಯೂ ನಡೆಯುತ್ತಿದೆ, ಅದನ್ನೂ ಹಾಳು ಮಾಡಲು ಬಂದಿದ್ದೀರಾ ಎಂದ. ಬಸ್ಸಿಗೆ ಕಾಯುವಷ್ಟು ಹೊತ್ತೂ ಅವನು ಮೇಲಿನಿಂದ ನನ್ನನ್ನೇ ನೋಡುತ್ತ ನಿಂತಿದ್ದ.

ಸೋಮವಾರ ಹಿರಿಯರಿಗೆ ದರೆಯ ವಿಷಯ ಹೇಳಿದೆ. ತಲೆಯಾಡಿಸಿದರು. ಇನ್ನೊಂದನ್ನೂ ಹೇಳಿದೆ: ಅವಳು ಕೂಗಿದಳಾ ಎಂದು ಕೇಳಿದರೆ ಕೇಸು ಅಲ್ಲಿಗೇ ಮುಗಿಯುತ್ತದೆ, ಆದರೆ ಗಂಡನ ಸಾವಿಗೆ ನಾನೇ ಕಾರಣ ಎಂದು ನಾಲ್ಕು ಜನರ ಮುಂದೆ ಅವಳ ಬಾಯಿಂದಲೇ ಹೇಳಿಸಿದ ಹಾಗಾಗುತ್ತದೆ. ಕೇಳಲಾ, ಬಿಡಲಾ?

"ನನ್ನ ಕೇಳಿದ್ರೆ ಪರೀಕ್ಷೆ ನಂದಾಗ್ತದೆ ಮಾರಾಯ್ತಿ," ಎಂದರು. ಸ್ವಲ್ಪ ತಡೆದು, "ನಿನ್ನ ಕಕ್ಷಿಗಾರ ಯಾರು ಅನ್ನೋದು ಮಾತ್ರ ಮರೀಬೇಡ," ಎಂದು ಸೇರಿಸಿದರು.

ಅಲ್ಲಿಂದ ವಿಚಾರಣೆಯ ದಿನದವರೆಗೆ ಬಾಡಿಗೆ ಕೋಣೆಯ ಗೋಡೆಯನ್ನು ಸಾಕ್ಷಿ ಮಾಡಿಕೊಂಡು ಪ್ರಶ್ನೆ ಕೇಳುತ್ತಿದ್ದೆ. ಕೇಳುವುದು ಸರಿ ಎಂದು ಒಂದು ದಿನ ತೀರ್ಮಾನ ಮಾಡುವುದು. ಮಾರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸು ಗಂಡನನ್ನು ಕೂಗಿ ಕರೆಯುವುದು ಕಂಡರೆ ಆ ತೀರ್ಮಾನವೆಲ್ಲ ಕುಸಿಯುವುದು. ದಿನಕ್ಕೆ ಎಷ್ಟು ಸಲ ಹಾಗೆ ನಾವೆಲ್ಲ ಒಬ್ಬರನ್ನೊಬ್ಬರು ಹಿಂದಿನಿಂದ ಕೂಗುತ್ತೇವೆ ಅಂತ ಆಗಲೇ ನನಗೆ ಗೊತ್ತಾಗಿದ್ದು.

ವಿಚಾರಣೆಯ ಬೆಳಿಗ್ಗೆ ಕೋರ್ಟಿನ ಜಗಲಿಯಲ್ಲಿ ಡ್ರೈವರನ್ನು ಪಕ್ಕಕ್ಕೆ ಕರೆದೆ. ಬದುಕು ಅವನದು, ಮುಚ್ಚಿಡುವ ಹಕ್ಕು ನನಗಿರಲಿಲ್ಲ. ಇಂಥದ್ದೊಂದು ಪ್ರಶ್ನೆ ಇದೆ, ಅದರಿಂದ ನಿಮಗೆ ಅನುಕೂಲ, ಅವಳಿಗೆ ಹೀಗಾಗುತ್ತದೆ ಎಂದು ಬಿಡಿಸಿ ಹೇಳಿದೆ. ಅವನು ಅಂಗಳದ ಕಡೆ ನೋಡಿದ. ಅಲ್ಲಿ ಮರದ ಕೆಳಗೆ ಅವಳು ಮೈದುನನ ಪಕ್ಕ ಕೂತಿದ್ದಳು. ನನಗಿಂತ ಚಿಕ್ಕವಳು. ನಿಟ್ಟೂರು ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು, ತಲೆಗೂದಲ ಮೇಲೆಲ್ಲ ಕೆಂಧೂಳು ಕೂತಿತ್ತು.

"ಅದಿಲ್ದೆ ಆಗೋದಾದ್ರೆ ಕೇಳ್ಬೇಡಿ ಮೇಡಂ," ಎಂದ. "ಆಗೋದೇ ಇಲ್ಲ ಅಂದ್ರೆ... ನಂಗೂ ಮಕ್ಕಳಿದಾವೆ."

ಒಟ್ಟಿನಲ್ಲಿ ಎಲ್ಲರೂ ಅದನ್ನು ನನ್ನ ಕೈಗೇ ಕೊಟ್ಟರು.

ಜವಾನ ಕೂಗಿದ. ಅವಳು ಕಟಕಟೆ ಹತ್ತಿದಳು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಒಪ್ಪಿಸಿದ ಪಾಠದ ಹಾಗೆ ಉತ್ತರ ಕೊಟ್ಟಳು. ಬಸ್ಸು ಜೋರಾಗಿ ಬಂತು, ನೋಡಿದೆ, ಹೊಡೆಯಿತು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಮೈದುನ ಬೆಂಚಿನ ತುದಿಗೆ ಸರಿದು ಕೂತು ಅವಳನ್ನೇ ನೋಡುತ್ತಿದ್ದ. ಹಿರಿಯರು ಎಲ್ಲರಿಗಿಂತ ಹಿಂದೆ, ಕಣ್ಣು ಮುಚ್ಚಿಕೊಂಡು.

ನಾನು ಎದ್ದು ನಿಂತೆ. ಮೇಜಿಗೆ ಒರಗಿಕೊಂಡೆ. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿನಿಂದ ನೋಡಿ, ಪಾಟೀಸವಾಲು ನೀವೇ ಮಾಡುವುದಾ ಎಂದು ಕೇಳಿದರು. ಹೌದು ಎಂದೆ.

ಮೊದಲು ಮನೆಯ ಬಗ್ಗೆ ಕೇಳಿದೆ. ಉಣಗೋಲಿನ ಹತ್ತಿರ ನಿಂತಿದ್ದಿರಾ? ಹೌದು. ಅಲ್ಲಿಂದ ರಸ್ತೆ ಕೆಳಗೆ ಕಾಣುತ್ತದೆ? ಹೌದು. ಹೊಸನಗರದ ಕಡೆ ಎತ್ತರದ ದರೆ ಇದೆ? ಅವಳು ತಲೆಯೆತ್ತಿ ಮೊದಲ ಸಲ ನನ್ನನ್ನು ನೋಡಿದಳು. ಈ ಹೆಂಗಸು ನಮ್ಮ ಮನೆಯ ಮುಂದೆ ನಿಂತು ಬಂದಿದ್ದಾಳೆ ಅಂತ ಅವಳಿಗೆ ಆ ಕ್ಷಣದಲ್ಲಿ ಗೊತ್ತಾಯಿತು. ಇದೆ ಎಂದಳು.

"ದರೆ ದಾಟಿ ಬರೋವರೆಗೆ ಯಾವ ಗಾಡಿಯೂ ಅಲ್ಲಿಂದ ಕಾಣಲ್ಲ, ಅಲ್ವಾ?"

ಅವಳ ಕಣ್ಣು ಮೈದುನನ ಕಡೆ ಹೋಗಿ ವಾಪಸ್ ಬಂತು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ಕಾಣಲ್ಲ ಎಂದಳು. ಟೈಪಿಸ್ಟ್ ಅದನ್ನು ಟೈಪ್ ಮಾಡಿದ.

ಅಂದರೆ ಬಸ್ಸು ಎಷ್ಟು ವೇಗವಾಗಿ ಬಂತು ಅನ್ನುವುದನ್ನು ನೀವು ನೋಡಿಲ್ಲ, ಸದ್ದು ಮಾತ್ರ ಕೇಳಿದಿರಿ ಎಂದೆ. ನಾನು ಇನ್ನೊಮ್ಮೆ ಕೇಳಲಿಲ್ಲ, ಕಾದೆ. ಸದ್ದೇ ಕೇಳಿದ್ದು ಎಂದಳು.

ಮುಂದಿನ ಪ್ರಶ್ನೆ ಅದೇ. ನಿಮ್ಮ ಗಂಡ ಯಾಕೆ ಹಿಂದೆ ತಿರುಗಿದರು? ನಾಲಿಗೆಯ ತುದಿಯಲ್ಲಿತ್ತು. ಕೇಳಿದರೆ ಡ್ರೈವರ್ ಗ್ಯಾರಂಟಿಯಾಗಿ ಪಾರು. ಕೇಳದಿದ್ದರೆ, ಸದ್ದು ಕೇಳಿದರೂ ವೇಗ ಗೊತ್ತಾಗುತ್ತದೆ ಎಂದು ಮ್ಯಾಜಿಸ್ಟ್ರೇಟರಿಗೆ ಅನ್ನಿಸಿಬಿಟ್ಟರೆ? ನನ್ನ ಎಡಕ್ಕೆ ಡ್ರೈವರ್ ಕೈಮುಗಿದ ಹಾಗೆ ಬೆರಳು ಹೆಣೆದುಕೊಂಡು ನಿಂತಿದ್ದ. ಎದುರಿಗೆ ಅವಳು ಬಿಳಿಚಿಕೊಂಡು ನಿಂತಿದ್ದಳು. ಆ ಪ್ರಶ್ನೆ ಬರುತ್ತದೆ ಅಂತ ಅವಳಿಗೂ ಗೊತ್ತಿತ್ತು. ಮ್ಯಾಜಿಸ್ಟ್ರೇಟರು, ಇನ್ನೂ ಇದೆಯಾ ಎಂದರು.

"ಇಲ್ಲ ಸ್ವಾಮಿ," ಎಂದು ಹೇಳಿ ಕೂತೆ.

ಸರ್ಕಾರಿ ವಕೀಲರು ಮರುಪ್ರಶ್ನೆ ಇಲ್ಲ ಎಂದರು. ಇಳಿಯಮ್ಮ ಎಂದರು ಮ್ಯಾಜಿಸ್ಟ್ರೇಟರು. ಅವಳು ಇಳಿಯಲಿಲ್ಲ. ಜವಾನ ಹತ್ತಿರ ಹೋಗಿ ಮೆಲ್ಲಗೆ ಹೇಳಿದ, ಆಗಲೂ ಕಟಕಟೆಯ ಮರ ಹಿಡಿದುಕೊಂಡು ಹಾಗೇ ನಿಂತಿದ್ದಳು.

"ಇನ್ನೊಂದು ಮಾತು ಇತ್ತು ಸ್ವಾಮಿ," ಎಂದಳು.

ಸರ್ಕಾರಿ ವಕೀಲರು ಎದ್ದು, ಸಾಕ್ಷಿ ಮುಗಿದಿದೆ ಎಂದರು. ಮೈದುನ ಬೆಂಚಿನಿಂದ ಅರ್ಧ ಎದ್ದು, ಜವಾನ ನೋಡಿದ್ದಕ್ಕೆ ಮತ್ತೆ ಕೂತ. ಮ್ಯಾಜಿಸ್ಟ್ರೇಟರು ಸರ್ಕಾರಿ ವಕೀಲರಿಗೆ ಕೂರಲು ಕೈಸನ್ನೆ ಮಾಡಿ, ಏನದು ಹೇಳು ಎಂದರು.

"ನಾನು ಕೂಗ್ದೆ ಸ್ವಾಮಿ. ಬರ್ತಾ ಸೀಮೆಎಣ್ಣೆ ತನ್ನಿ ಅಂತ ಕೂಗ್ದೆ. ಏನು ಅಂದಿದ್ದು ಕೇಳ್ಸಿಲ್ಲ ಅವ್ರಿಗೆ. ಏನೇ ಅಂತ ತಿರುಗಿದ್ರು."

ಅಳಲಿಲ್ಲ. ದೊಡ್ಡ ಹೊರೆ ಇಳಿಸಿದವರ ಹಾಗೆ ಉಸಿರು ಬಿಟ್ಟಳು, ಅಷ್ಟೇ. ಟೈಪಿಸ್ಟ್ ಕೈ ನಿಂತಿತ್ತು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿಕೊಂಡು, ನಾನು ಕೂಗಿದ್ದರಿಂದ ನನ್ನ ಗಂಡ ಹಿಂದಕ್ಕೆ ತಿರುಗಿದರು ಎಂದರೆ ನಿಜ, ಎಂದು ನಿಧಾನವಾಗಿ ಬರೆಸಿದರು. ಓದಿ ಹೇಳಿದ ಮೇಲೆ ಅವಳು ಸಹಿ ಹಾಕಿ ಕೆಳಗಿಳಿದಳು. ಮೈದುನ ಆಗಲೇ ಹೊರಗೆ ಹೋಗಿಬಿಟ್ಟಿದ್ದ. ಡ್ರೈವರ್ ತಲೆ ತಗ್ಗಿಸಿಯೇ ಇದ್ದ.

ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಪುಸ್ತಕ, ಕಾಗದ ಎಲ್ಲ ಕೂಡಿಸಿಕೊಂಡು ಹೊರಬಂದೆ. ಹಿರಿಯರು ಸೋಡಾ ಅಂಗಡಿಯ ಎದುರು ನಿಂತಿದ್ದರು. ನನಗೊಂದು ಸೋಡಾ ಕೊಡಿಸಿದರು. ದರೆಯ ಪ್ರಶ್ನೆ ಇನ್ನೂ ಚಿಕ್ಕದಾಗಬೇಕಿತ್ತು ಎಂದರು, ಮೇಜಿಗೆ ಒರಗಿ ನಿಲ್ಲುವುದು ಕೆಟ್ಟ ಅಭ್ಯಾಸ ಎಂದರು. ಆಮೇಲೆ, ಅದನ್ನು ಯಾಕೆ ಕೇಳಲಿಲ್ಲ ಎಂದು ಕೇಳಿದರು.

"ಅದಿಲ್ದೆ ಆಗುತ್ತೆ ಅನ್ನಿಸ್ತು ಸರ್."

"ಆಗ್ತಿತ್ತಾ?"

"ಗೊತ್ತಿಲ್ಲ ಸರ್."

"ನಂಗೂ ಗೊತ್ತಿಲ್ಲ," ಎಂದರು. ಬೇರೆಯವರ ಮಕ್ಕಳ ಅನ್ನದ ಮೇಲೆ ನೀನು ಪಣ ಕಟ್ಟಿದೆ, ಅದು ನೆನಪಿರಲಿ ಎಂದರು. ಬೈದರೋ ಹೊಗಳಿದರೋ ತಿಳಿಯದೆ ನಾನು ಖಾಲಿ ಬಾಟಲಿ ಹಿಡಿದು ನಿಂತೆ. ಅವರು ಪಂಚೆಯ ತುದಿ ಎತ್ತಿಕೊಂಡು ರಸ್ತೆ ದಾಟಿ ಹೋದರು.

ಉಳಿದ ಸಾಕ್ಷಿಗಳು, ವಾದ, ಎಲ್ಲ ಮುಗಿದು ತೀರ್ಪಿನ ದಿನ ಬರುವ ತನಕ ನನ್ನ ಎದೆಯ ಕಲ್ಲು ಇಳಿಯಲಿಲ್ಲ. ಅವಳು ತಾನಾಗಿ ಹೇಳಿದ್ದರಿಂದ ಕೇಸು ಬಲವಾಗಿದ್ದೇನೋ ನಿಜ, ಆದರೆ ಜನ ಓಡಾಡುವ ಕಡೆ ಡ್ರೈವರ್ ಇನ್ನೂ ಎಚ್ಚರದಿಂದ ಇರಬೇಕಿತ್ತು ಎಂದು ಸರ್ಕಾರಿ ವಕೀಲರು ಚೆನ್ನಾಗಿಯೇ ವಾದ ಮಾಡಿದ್ದರು. ತೀರ್ಪು ಓದುವಾಗ ಮ್ಯಾಜಿಸ್ಟ್ರೇಟರು ಮೊದಲ ಪುಟದಲ್ಲೆಲ್ಲ ಡ್ರೈವರನ ವಿರುದ್ಧದ ಮಾತುಗಳನ್ನೇ ಓದಿದರು. ನನ್ನ ಕಿವಿ ಗುಂಯ್‌ಗುಟ್ಟತೊಡಗಿತು. ಕೊನೆಯ ಸಾಲು ಬಂದಾಗ ಅದು ಬಿಡುಗಡೆ ಎಂದು ನನಗೆ ತಿಳಿದದ್ದು ಡ್ರೈವರ್ ಕಟಕಟೆಯೊಳಗೇ ಕೂತುಬಿಟ್ಟಿದ್ದರಿಂದ. ಇಬ್ಬರು ಹಿಡಿದು ಎಬ್ಬಿಸಿದರು.

ಮಾರನೆಯ ಬೆಳಿಗ್ಗೆ ಹಿರಿಯರು ನನ್ನ ಮೇಜಿನ ಮೇಲೆ ಒಂದು ಕಟ್ಟು ಇಟ್ಟರು. ತೀರ್ಥಹಳ್ಳಿ ಕೋರ್ಟಿನ ಒಂದು ಬೇಲಿ ಜಗಳದ ಕೇಸು. ವಕಾಲತ್ತಿನ ಮೇಲೆ ಅವರ ಹೆಸರಿರಲಿಲ್ಲ. ತಮ್ಮ ಕೋಣೆಗೆ ಹೋದರು. ನಾನು ಪಾಸಾಗಿದ್ದೆ.

ಅವಳನ್ನು ಮತ್ತೆ ನೋಡಿದ್ದು ಎಂಬತ್ತರ ದಶಕ ಶುರುವಾದ ಮೇಲೆ. ನಾನು ಊರಿಗೆ ಹೋಗಿದ್ದವಳು ಹೊಸನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬಟ್ಟೆಯ ಗಂಟು ಹಿಡಿದುಕೊಂಡು ಅವಳೇ ಹತ್ತಿರ ಬಂದಳು. ಗುರುತು ಸಿಕ್ಕಿತಾ ಅಕ್ಕ ಎಂದು ಕೇಳಿದಳು. ಸಿಗದೇ ಇರುತ್ತದಾ? ಹೊಲಿಗೆ ಕಲಿತಿದ್ದೇನೆ, ಇಲ್ಲಿಂದ ಬಟ್ಟೆ ಒಯ್ದು ಮನೆಯಲ್ಲೇ ಹೊಲಿದು ತರುತ್ತೇನೆ ಎಂದಳು. ಪರಿಹಾರದ ಅರ್ಜಿಯಲ್ಲಿ ಅವಳ ಆ ಹೇಳಿಕೆ ಅಡ್ಡ ಬಂದು, ಕೇಳಿದ್ದಕ್ಕಿಂತ ಕಡಿಮೆಗೆ ರಾಜಿಯಾಯಿತಂತೆ. ಮೈದುನ ಮಾತು ಬಿಟ್ಟಿದ್ದಾನಂತೆ. ಅದನ್ನು ದೂರಿನ ಹಾಗೆ ಹೇಳಲಿಲ್ಲ. ಆದರೂ ನನಗೆ ಚುಚ್ಚಿತು. ಅವತ್ತು ನೀವು ಅದನ್ನು ಹೇಳದಿದ್ದರೂ ನಡೆಯುತ್ತಿತ್ತೇನೋ, ನಾನು ಕೇಳಿರಲಿಲ್ಲವಲ್ಲ ಎಂದೆ.

ಅವಳು ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ನೀವು ಕೇಳ್ತೀರಿ ಅಂತ ಹೆದರಿಕೆ ಇತ್ತು ನಂಗೆ," ಎಂದಳು. "ಆಮೇಲೆ ನೀವು ಕೂತ್ಕಂಡ್ರಿ. ಎಲ್ಲರೂ ಸುಮ್ಮನಾದ್ರು. ಇನ್ನು ಇದನ್ನ ಯಾರೂ ಕೇಳೋದೇ ಇಲ್ಲ ಅಂತ ಅದಕ್ಕಿಂತ ಜಾಸ್ತಿ ಹೆದರಿಕೆ ಆಯ್ತು ಅಕ್ಕ."

ಅಷ್ಟು ದಿನ ನಾನು ಅವಳನ್ನು ಕಾಪಾಡಿದೆ ಎಂದುಕೊಂಡಿದ್ದೆ. ನಿಟ್ಟೂರಿನ ಬಸ್ಸು ಬಂತು. ಜನ ನುಗ್ಗಿದರು. ಅವಳು ಮೊದಲು ಹತ್ತಲಿ ಅಂತ ನಾನು ಗಂಟು ಹಿಡಿದುಕೊಂಡು ನಿಂತೆ. ಕಿಟಕಿಯ ಪಕ್ಕ ಜಾಗ ಸಿಕ್ಕಿದ ಮೇಲೆ ಅವಳು ಕೈ ಚಾಚಿದಳು. ಗಂಟನ್ನು ಒಳಗೆ ಕೊಟ್ಟೆ. ಕಂಡಕ್ಟರ್ ಬಾಗಿಲು ಬಡಿದ.